ಭಾವನ ವ್ಯಾನು ಶಟ್‌ಡೌನ್‌ನಲ್ಲಿದೆ

ನಮ್ಮ ಭಾವ ಜೋಗಕ್ಕೆ ಹೊರಟಿದ್ದಾರೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, "ಯಾವ ಊರಿನ ತನಕ?" ವ್ಯಾನು ಕೊಂಡ ಮೇಲೆ ಅವರು ಜೋಗಕ್ಕೆ ಹೊರಡದ ತಿಂಗಳಿಲ್ಲ, ಮುಟ್ಟಿದ ತಿಂಗಳೂ ಇಲ್ಲ. ಆದರೆ ಜೋಗದ ದಾರಿಯನ್ನು ಅವರಷ್ಟು ಚೆನ್ನಾಗಿ ನೋಡಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರು ಸಿಕ್ಕಲಾರರು! ಕುಂಸಿಯ ಹತ್ತಿರ ಯಾವ ಮರದ ನೆರಳು ಮಧ್ಯಾಹ್ನ ಯಾವ ಕಡೆ ವಾಲುತ್ತದೆ, ಆಯನೂರಿನ ಯಾವ ಹೋಟೆಲಿನಲ್ಲಿ ಕೇಳದೆಯೇ ಎರಡನೇ ಸಲ ಚಟ್ನಿ ಹಾಕುತ್ತಾರೆ, ಯಾವ ಸೇತುವೆಯ ಕಟ್ಟೆ ಒಂದು ನಿದ್ದೆ ತೆಗೆಯುವಷ್ಟು ಅಗಲವಾಗಿದೆ, ಎಲ್ಲವೂ ಅವರಿಗೆ ಬಾಯಿಪಾಠ. ಅಷ್ಟೊಂದು ಹೊತ್ತು ಆ ಜಾಗಗಳಲ್ಲಿ ಕೂತವರಿಗೆ ಗೊತ್ತಾಗದೆ ಇನ್ನೇನು? ಬೇರೆಯವರ ಗಾಡಿಗಳು ರಸ್ತೆಯಲ್ಲಿ ಓಡಾಡುತ್ತವೆ. ಭಾವನ ಗಾಡಿ ರಸ್ತೆಯಲ್ಲಿ ವಾಸ ಮಾಡುತ್ತದೆ.

ಭಾವ ಅಂದರೆ ನನ್ನ ದೊಡ್ಡಕ್ಕನ ಗಂಡ. ಭದ್ರಾವತಿಯ ಕಾಗದನಗರದಲ್ಲಿ ವಾಸ. ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ಮನೆಗೆ ಬಂದವರು. ಬಂದವರು ಎಲ್ಲರ ಹಾಗೆ ಬೆಳಿಗ್ಗೆ ಪೇಪರ್ ಓದಿ, ಸಂಜೆ ವಾಕಿಂಗ್ ಹೋಗಿ, ನಡುವೆ ಸೊಸೈಟಿ ಚುನಾವಣೆಯ ಬಗ್ಗೆ ಜಗಳ ಆಡಿಕೊಂಡು ಇರಬಹುದಿತ್ತಲ್ಲ? ಇಲ್ಲ. ಒಂದು ಬೆಳಿಗ್ಗೆ ಶಿವಮೊಗ್ಗದ ವಿದ್ಯಾನಗರದಲ್ಲಿರುವ ನನ್ನ ಕುಶನ್ ಅಂಗಡಿಯ ಮುಂದೆ ಹಳದಿ ಬಣ್ಣದ ಹಳೆಯ ಸ್ಕೂಲ್ ವ್ಯಾನೊಂದನ್ನು ತಂದು ನಿಲ್ಲಿಸಿದರು. ತಂದು ಅಂದೆನಲ್ಲ, ತಳ್ಳಿಸಿಕೊಂಡು ಬಂದು.

ನನ್ನ ಅಂಗಡಿ ವಿದ್ಯಾನಗರದಲ್ಲಿದ್ದರೂ ನನ್ನ ವಿದ್ಯೆ ಏಳನೇ ಕ್ಲಾಸಿಗೆ ಮುಗಿದದ್ದು. ನಾನು ಶಾಲೆ ಬಿಟ್ಟೆ, ಆದರೆ ಶಾಲೆ ನನ್ನನ್ನು ಬಿಡಲಿಲ್ಲ ನೋಡಿ, ಇಷ್ಟು ವರ್ಷದ ಮೇಲೆ ವ್ಯಾನಿನ ರೂಪದಲ್ಲಿ ಹುಡುಕಿಕೊಂಡು ಬಂತು! ಅದಿರಲಿ. ಕಾರು, ಆಟೋ, ಬಸ್ಸು, ಯಾವುದರ ಸೀಟು ಬೇಕಾದರೂ ತನ್ನಿ. ನಾನು ಹೊಲಿದ ಮೇಲೆ ಗಾಡಿ ಗುಜರಿಗೆ ಹೋಗಬಹುದು, ಹೊಲಿಗೆ ಬಿಡುವುದಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕಲಿತ ಕೆಲಸದ ಮೇಲೆ ಇಷ್ಟಾದರೂ ಜಂಬ ಇಲ್ಲದಿದ್ದರೆ ಹೇಗೆ?

"ಇದ್ರೊಳಗೆ ಒಂದು ಮನೆ ಮಾಡ್ಬೇಕು," ಅಂದರು ಭಾವ.

"ಯಾರಿಗೆ?"

"ನಂಗೆ, ನಿಮ್ಮಕ್ಕಂಗೆ. ಊರೂರು ಸುತ್ತೋದು, ಅಲ್ಲಲ್ಲೇ ಬೇಯಿಸ್ಕೊಂಡು ತಿನ್ನೋದು, ಅಲ್ಲೇ ಮಲಗೋದು. ಫಾರಿನ್ನಲ್ಲೆಲ್ಲ ಹಿಂಗೇ ಮಾರಾಯ."

ಫಾರಿನ್ನಿನಲ್ಲಿ ವ್ಯಾನು ತಳ್ಳುವವರಿಗೆ ಕಾಫಿ ಕೊಡಿಸುತ್ತಾರಾ ಎಂದು ನಾನು ಕೇಳಲಿಲ್ಲ. ಕೆಲಸ ಶುರುವಾಯಿತು. ಮಕ್ಕಳ ಸೀಟುಗಳನ್ನೆಲ್ಲ ಕಿತ್ತು ಹಾಕಿದೆವು. ಹಗಲು ಸೋಫಾ, ಮಲಗುವಾಗ ಮಂಚ ಆಗುವಂಥದ್ದೊಂದು ಬಂತು. ಒಲೆಗೊಂದು ಕಟ್ಟೆ ಬಂತು. ಕೈ ತೊಳೆದ ನೀರು ಕೆಳಗಿನ ಬಕೆಟ್ಟಿಗೆ ಬೀಳುವ ಸಿಂಕು ಬಂತು. ಹಿಂದಿನ ಮೂಲೆಯಲ್ಲಿ ದಪ್ಪ ಪರದೆ ಇಳಿಬಿಟ್ಟು ಒಂದು ಕಮೋಡನ್ನೂ ಕೂರಿಸಿದರು. ಅದರ ಮುಚ್ಚಳಕ್ಕೂ ಕುಶನ್ ಬೇಕು ಅಂದರು! ಕಮೋಡಿನ ಮುಚ್ಚಳಕ್ಕೆ ಕುಶನ್ ಹೊಲಿದ ಮನುಷ್ಯ ಇಡೀ ಶಿವಮೊಗ್ಗದಲ್ಲಿ ನಾನೊಬ್ಬನೇ ಇರಬೇಕು. ಅದಕ್ಕೂ ಡಬಲ್ ಹೊಲಿಗೆಯನ್ನೇ ಹಾಕಿದ್ದೇನೆ.

ಬಣ್ಣ ಬದಲಿಸಿ ಎಂದು ಎಷ್ಟು ಹೇಳಿದರೂ ಭಾವ ಕೇಳಲಿಲ್ಲ. ಹಳದಿ ದೂರದಿಂದ ಕಾಣುತ್ತದಂತೆ. ಕಾಣುತ್ತದೆ, ಸುಳ್ಳಲ್ಲ. ಒಂದು ದಿನ ಬೆಳಿಗ್ಗೆ ರಾಗಿಗುಡ್ಡದ ತಿರುವಿನಲ್ಲಿ ಗಾಡಿ ನಿಧಾನ ಮಾಡಿದ್ದೇ ತಡ, ಒಬ್ಬ ತಾಯಿ ಬಾಗಿಲು ತೆಗೆದು ಮಗುವನ್ನು ಹತ್ತಿಸಿ, ಟಿಫಿನ್ ಡಬ್ಬಿ ಕೈಗಿಟ್ಟು, ಟಾಟಾ ಮಾಡಿಯೇ ಬಿಟ್ಟಳು. ಮಗು ಒಳಗಿನ ಮಂಚ, ಒಲೆ ಎಲ್ಲ ನೋಡಿ, ಇವತ್ತಿಂದ ಸ್ಕೂಲು ಹಿಂಗೇನಾ ಅಂತ ಬಹಳ ಆಸೆಯಿಂದ ಕೇಳಿತಂತೆ. ಭಾವ ಅದನ್ನು ಇಳಿಸಿ ತಾಯಿಗೊಪ್ಪಿಸುವಾಗ ಅತ್ತದ್ದು ಮಗು, ಬೈಸಿಕೊಂಡದ್ದು ಭಾವ.

ಕಾಗದನಗರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರಿಟೈರಾದ ಮೇಲೆ ಇವರಿಗೆ ಸ್ವಲ್ಪ ಲೂಸಾಗಿದೆ ಅಂದರು. ನಾನೂ ನಗುವವರ ಪೈಕಿಯೇ ಇದ್ದೆ. ಆ ಕಮೋಡಿನ ಮುಚ್ಚಳ ಹೊಲಿಯುವ ದಿನ ಭಾವ ಸ್ಟೂಲೆಳೆದುಕೊಂಡು ನನ್ನ ಮೆಷಿನ್ನಿನ ಪಕ್ಕ ಕೂತರು. ಆಮೇಲೆ ನಗು ಬರಲಿಲ್ಲ.

ಈಗ ಬರೆಯುವುದನ್ನು ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಅದ್ರಲ್ಲಿ ಮುಚ್ಚಿಡೋದೇನಿದೆ," ಅಂದಳು. ಹೀಗೆ ಅನ್ನುವಷ್ಟಾಗಲು ಅವಳಿಗೆ ಬಹಳ ಕಾಲ ಹಿಡಿಯಿತು. ಒಬ್ಬಳೇ ಮಗಳನ್ನು ಸಾಗರಕ್ಕೆ ಮದುವೆ ಮಾಡಿ ಕೊಟ್ಟ ಸ್ವಲ್ಪ ದಿನಕ್ಕೇ ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಅದಾದ ಮೇಲೆ ಮೂತ್ರ ತಡೆದುಕೊಳ್ಳುವುದು ಕಷ್ಟವಾಯಿತು. ಬಂತು ಅಂದರೆ ಬಂತು. ನೆಂಟರ ಮದುವೆಯೊಂದಕ್ಕೆ ದಿಬ್ಬಣದ ಬಸ್ಸಿನಲ್ಲಿ ಹೋಗುವಾಗ, ಬಸ್ಸಿನ ತುಂಬ ಗಂಡಿನ ಕಡೆಯವರು, ನಿಲ್ಲಿಸಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆಗಬಾರದ್ದು ಆಯಿತು. ಆ ಮದುವೆಯನ್ನು ಅವಳು ನೋಡಲಿಲ್ಲ. ಖಾಲಿ ಬಸ್ಸಿನಲ್ಲಿ ಶಾಲು ಹೊದ್ದು ಕೂತೇ ಇದ್ದಳು. ಅವತ್ತಿನಿಂದ ಕಾಗದನಗರ ಬಿಟ್ಟು ಆಚೆ ಕಾಲಿಡಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು, ಎಷ್ಟೋ ವಾಸಿಯೂ ಆಯಿತು. ಹೆದರಿಕೆ ಮಾತ್ರ ವಾಸಿಯಾಗಲಿಲ್ಲ. ಮಗಳ ಮನೆಯ ಅಡುಗೆಮನೆ ಹೇಗಿದೆ ಎಂದು ಅವಳು ನೋಡಿದ್ದು ಫೋನಿನಲ್ಲಿ, ಅದೂ ಮಗಳು ಕೈ ಅಲ್ಲಾಡಿಸಿದಾಗ ಅರ್ಧ ಸೂರು, ಅರ್ಧ ಕುಕ್ಕರ್.

"ಒಂದೇ ಒಂದು ಸಲ ಅವಳ್ನ ಮಗಳ ಮನೆ ಬಾಗಿಲಿಗೆ ಮುಟ್ಟಿಸ್ಬೇಕು," ಅಂದರು ಭಾವ ಅವತ್ತು ಮೆಷಿನ್ನಿನ ಪಕ್ಕ ಕೂತು. "ಎಲ್ಲಿ ಬೇಕಾದ್ರೂ ನಿಲ್ಲೋ ಗಾಡಿ. ಯಾರ ಹತ್ರಾನೂ ಬಾಯಿಬಿಟ್ಟು ಕೇಳ್ಬೇಕಾಗಿಲ್ಲ."

"ಜನ ಏನೇನೋ ಆಡ್ಕೊಳ್ತಿದಾರೆ ಭಾವ."

"ಆಡ್ಕೊಳ್ಲಿ. ನನ್ನ ಹುಚ್ಚ ಅಂದಷ್ಟೂ ಅವಳ್ನ ಯಾರೂ ಏನೂ ಕೇಳಲ್ಲ."

ಹೀಗೆ ಜೋಗ ಅನ್ನುವುದು ಊರಿನವರಿಗೆ ಹೇಳುವ ಹೆಸರಾಯಿತು. ಅದೇ ರಸ್ತೆಯಲ್ಲಿ ಜೋಗಕ್ಕಿಂತ ಮೊದಲೇ ಸಿಕ್ಕುವ ಸಾಗರ ನಿಜವಾದ ಗುರಿಯಾಯಿತು. ಎಲ್ಲಿ ಬೇಕಾದರೂ ನಿಲ್ಲುವ ಗಾಡಿ ಬೇಕು ಅಂದಿದ್ದರಲ್ಲ ಭಾವ, ದೇವರು ಆ ಮಾತನ್ನು ಸ್ವಲ್ಪ ಜಾಸ್ತಿಯೇ ಮನಸ್ಸಿಗೆ ತಗೊಂಡ! ಅದು ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಬೇಡವಾದಲ್ಲಿಯೂ ನಿಲ್ಲುತ್ತಿತ್ತು.

ಆದರೆ ಗಾಡಿ ಕೆಟ್ಟಿತು ಎಂಬ ಮಾತನ್ನು ಭಾವ ಬಾಯಿಗೆ ತರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಮೆಷಿನ್ ತಾನಾಗಿ ಕೆಟ್ಟರೆ ಮೆಂಟೆನೆನ್ಸಿನವರಿಗೆ ಬೈಗುಳ. ಮೊದಲೇ ಹೇಳಿ ಮೆಷಿನ್ ನಿಲ್ಲಿಸಿ ರಿಪೇರಿ ಮಾಡಿದರೆ ಅದಕ್ಕೆ ಶಟ್‌ಡೌನ್ ಎಂದು ಹೆಸರು, ಅದಕ್ಕೊಂದು ಮರ್ಯಾದೆ. ಹಾಗಾಗಿ ನಡುರಸ್ತೆಯಲ್ಲಿ ಹೊಗೆ ಕಾರಿ ನಿಂತ ವ್ಯಾನಿನಿಂದ ಭಾವ ಫೋನು ಮಾಡಿ, ಬಹಳ ಗಂಭೀರವಾಗಿ, "ಗಾಡಿ ಶಟ್‌ಡೌನ್ ತಗೊಂಡಿದೆ," ಅನ್ನುತ್ತಿದ್ದರು. ಆಮೇಲೆ 'ಕೆಲಸ ನಡೆಯುತ್ತಿದೆ' ಎಂದು ಬರೆದ ತಗಡಿನ ಬೋರ್ಡೊಂದನ್ನು ಬಾಗಿಲಿಗೆ ನೇತು ಹಾಕಿ, ಒಲೆ ಹಚ್ಚಿ ಟೀಗೆ ಇಡುತ್ತಿದ್ದರು. ಗಾಡಿ ನಿಂತಲ್ಲೇ ಅವರ ಪ್ರವಾಸ. ಅಲ್ಲೇ ಅಡುಗೆ, ಅಲ್ಲೇ ಊಟ, ಅಲ್ಲೇ ನಿದ್ದೆ. ರಿಪೇರಿ ಮುಗಿಯುವ ಹೊತ್ತಿಗೆ ಅಕ್ಕ ಸುಸ್ತಾಗಿ, ವಾಪಸ್ ಹೋಗೋಣ ಅನ್ನುತ್ತಿದ್ದಳು.

ಒಂದು ಸಲ ಹೀಗೇ ಫೋನು ಬಂತು. ಇಂಜಿನ್ ಒಂಥರಾ ಶಬ್ದ ಮಾಡ್ತಿದೆ, ಕೇಳಿಸ್ಕೊಂಡು ಏನು ಅಂತ ಹೇಳು ಅಂದರು. ನಾನು ಸೀಟು ಹೊಲಿಯುವವನು, ಸ್ವಾಮಿ! ಸೀಟು ಶಬ್ದ ಮಾಡಿದರೆ ಹೇಳಬಲ್ಲೆ. ಆದರೂ ಸ್ಪೀಕರಿಗೆ ಹಾಕಿದೆ. ಅತ್ತ ಭಾವ ಫೋನನ್ನು ಬಾನೆಟ್ಟಿನ ಮೇಲಿಟ್ಟರು. ಗ್ರೊಟ್, ಗ್ರೊಟ್, ಗ್ರೊಟ್. ಅಂಗಡಿಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಆಟೋದವನು ಬೆಲ್ಟ್ ಅಂದ. ಕಾಲೇಜಿನ ಮೇಷ್ಟ್ರೊಬ್ಬರು ಬೇರಿಂಗ್ ಅಂದರು. ಇಬ್ಬರಿಗೂ ಸಣ್ಣ ವಾದವೇ ನಡೆಯಿತು. ಕೊನೆಗೆ ಗಾಡಿ ಆಫ್ ಮಾಡಿ ನೋಡಿ ಎಂದು ಹೇಳಿದೆ. ಆಫ್ ಆಗಿಯೇ ಇದೆ, ಸ್ಟಾರ್ಟ್ ಆದ್ರೆ ತಾನೇ ಆಫ್ ಮಾಡೋದು ಅಂದರು ಭಾವ. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಕೇಳಿತು: "ರೀ, ಅದು ಚರಂಡಿಲಿರೋ ಕಪ್ಪೆ."

ಇನ್ನೊಂದು ಸಲ ಟ್ರ್ಯಾಕ್ಟರಿನವನೊಬ್ಬ ಕೇಳದೆಯೇ ಸಹಾಯಕ್ಕೆ ನಿಂತ. ಹಗ್ಗ ಕಟ್ಟಿ, ಭಾವ ಥ್ಯಾಂಕ್ಸ್ ಹೇಳುವುದರೊಳಗೆ ಎಳೆದುಕೊಂಡು ಹೊರಟೇಬಿಟ್ಟ. ಸಾಗರದ ಕಡೆಗಲ್ಲ, ಶಿವಮೊಗ್ಗದ ಕಡೆಗೆ! ಭಾವ ಹಾರ್ನ್ ಹೊಡೆದರೆ ಅವನು ಖುಷಿಗೆ ಹೊಡೆಯುತ್ತಿದ್ದಾರೆ ಎಂದುಕೊಂಡು ಕೈಬೀಸಿದ. ಸೀದಾ ತನ್ನ ಮನೆಯ ಕಣದಲ್ಲಿ ತಂದು ನಿಲ್ಲಿಸಿ, "ನಾನು ಮನೆ ಕಡೆ ಬರ್ತಿದ್ನಲ್ಲ, ಇಲ್ಲೀಗಂಟ ಎಳೆದೆ," ಅಂದ. ಅವನ ಹೆಂಡತಿ ಕಡುಬು ಮಾಡಿದ್ದಳು. ಗಂಡಸರು ಕಣದಲ್ಲಿ ಕೂತು ತಿಂದರು. ಅಕ್ಕ ವ್ಯಾನಿನಿಂದ ಇಳಿಯಲಿಲ್ಲ. ಅವಳ ಪಾಲಿನದು ಕಿಟಕಿಯೊಳಗೆ ಹೋಯಿತು. ಪರರ ಮನೆ, ಎದ್ದು ಹೋಗಬೇಕಾದರೆ ಎಲ್ಲಿ ಎಂದು ಕೇಳಬೇಕಲ್ಲ.

ಇನ್ನು ಕ್ಯಾಂಪಿನ ವಿಷಯ. ಕುಂಸಿ ದಾಟಿ ಒಂದು ಹಳ್ಳಿಯ ಬಳಿ ರೇಡಿಯೇಟರಿನ ಪೈಪು ಒಡೆದು ಶಟ್‌ಡೌನ್ ಆಗಿತ್ತು. ಹೊಸ ಪೈಪು ತಗೊಂಡು ನಾನು ಸ್ಕೂಟರಿನಲ್ಲಿ ಹೊರಟೆ. ಅಷ್ಟರಲ್ಲಿ ಆಡು ಮೇಯಿಸುವ ಅಜ್ಜಿಯೊಬ್ಬಳು ವ್ಯಾನಿನ ಹತ್ತಿರ ಬಂದು, ಇಲ್ಲೇನು ಮಾಡ್ತಿದೀರಿ ಎಂದು ಭಾವನನ್ನು ಕೇಳಿದ್ದಾಳೆ. ನಮ್ಮ ಭಾವ ಇಂಥ ಪ್ರಶ್ನೆಗೇ ಕಾದಿರುವವರು. ಎದೆಯುಬ್ಬಿಸಿ, "ಕ್ಯಾಂಪ್ ಹಾಕಿದೀವಿ ಅಜ್ಜಿ," ಅಂದಿದ್ದಾರೆ.

ನಮ್ಮ ಕಡೆಯ ಹಳ್ಳಿಯಲ್ಲಿ ಕ್ಯಾಂಪ್ ಅಂದರೆ ಏನು? ಕಣ್ಣಿನ ಕ್ಯಾಂಪು, ಸಕ್ಕರೆ ಕಾಯಿಲೆಯ ಕ್ಯಾಂಪು, ಹಲ್ಲಿನ ಕ್ಯಾಂಪು! ಮಂಚ ಇರುವ ವ್ಯಾನು, ಮೂಲೆಯಲ್ಲಿ ಪರದೆ, ಬಾಗಿಲಿಗೆ ಕೆಲಸ ನಡೆಯುತ್ತಿದೆ ಎಂಬ ಬೋರ್ಡು. ಇನ್ನೇನು ಸಾಕ್ಷಿ ಬೇಕು? ಅಜ್ಜಿ ಊರಿಗೆಲ್ಲ ಸಾರಿದಳು. ನಾನು ಮುಟ್ಟುವ ಹೊತ್ತಿಗೆ ರಸ್ತೆ ಬದಿಯಲ್ಲಿ ಸಾಲು. ಒಬ್ಬರ ಕೈಯಲ್ಲಿ ಹಳೆಯ ಮಾತ್ರೆಯ ಚೀಟಿ, ಇನ್ನೊಬ್ಬರ ಕೈಯಲ್ಲಿ ದಾರ ಕಟ್ಟಿದ ಕನ್ನಡಕ. ಭಾವ ಒಬ್ಬೊಬ್ಬರಿಗೂ ಕೈಮುಗಿದು ವಿವರಿಸುತ್ತಿದ್ದಾರೆ, ಯಾರೂ ನಂಬುತ್ತಿಲ್ಲ. ಅಷ್ಟರಲ್ಲಿ ನಾನು ಬೇರೆ ಹೋಗಿ ಇಳಿದೆನಲ್ಲ! ಅಂಗಡಿಯಿಂದ ಅವಸರದಲ್ಲಿ ಹೊರಟವನು ಅಳತೆಯ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡಿದ್ದೆ.

"ಡಾಕ್ಟ್ರು ಬಂದ್ರು," ಎಂದಿತು ಸಾಲು.

ಮುದುಕನೊಬ್ಬ ನನ್ನೆದುರು ಬಂದು ಆ ಎಂದು ಬಾಯಿ ತೆರೆದ. ಬೇರೆ ದಾರಿ ಕಾಣದೆ ಇಣುಕಿದೆ. ಏಳನೇ ಕ್ಲಾಸಿನವನಿಗೆ ಇಷ್ಟು ಮರ್ಯಾದೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆದರೂ ಸತ್ಯ ಹೇಳಬೇಕಲ್ಲ, ನಾನು ಸೀಟು ಹೊಲಿಯುವವನು ಕಣಜ್ಜ ಅಂದೆ. ಅವನು ಬಾಯಿ ಮುಚ್ಚಿ, ಸ್ವಲ್ಪ ಯೋಚಿಸಿ, ಹಂಗಾದ್ರೆ ನಮ್ಮ ಟ್ರ್ಯಾಕ್ಟರ್ ಸೀಟು ಹರಿದಿದೆ ನೋಡ್ತೀರಾ ಎಂದು ಕೇಳಿದ.

ಗಂಡಸರನ್ನು ಹೀಗೆ ಹೇಗೋ ಒಪ್ಪಿಸಿದೆವು. ಹೆಂಗಸರು ಆಗಲೇ ವ್ಯಾನಿನೊಳಗೆ ಹೋಗಿಬಿಟ್ಟಿದ್ದರು. ಲೇಡಿ ಡಾಕ್ಟರು ಒಳಗಿದ್ದಾರೆ ಎಂದು ಅವರ ಲೆಕ್ಕ. ಲೇಡಿ ಡಾಕ್ಟರು ಒಳಗೆ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನೂ ಭಾವನೂ ಮುಂದೆ ಬಾನೆಟ್ ಎತ್ತಿ ಪೈಪು ಕೂರಿಸುತ್ತಿದ್ದೆವು. ಕಿಟಕಿ ತೆರೆದಿತ್ತು.

"ನಾನು ಡಾಕ್ಟ್ರಲ್ಲ ಕಣ್ರಮ್ಮ," ಅಕ್ಕನ ದನಿ. "ಹೇಳಬೇಕೆಂದ್ರೆ ನಾನೇ ಪೇಷೆಂಟು."

"ಹೌದಾ? ಪಾಪ, ಏನಾಗಿದೆ ನಿಮ್ಗೆ?"

ಭಾವ ಪೈಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಆಮೇಲೆ ಅಕ್ಕ ಹೇಳತೊಡಗಿದಳು. ಸ್ವಂತ ತಂಗಿಯರಿಗೂ ಹೇಳದಿದ್ದುದನ್ನು, ಹೆಸರೂ ಗೊತ್ತಿಲ್ಲದ ಆ ಹೆಂಗಸರ ಮುಂದೆ, ದಿಬ್ಬಣದ ಬಸ್ಸಿನಿಂದ ಹಿಡಿದು ಹಿಂದಿನ ಪರದೆಯ ತನಕ ಹೇಳಿದಳು.

"ಇಷ್ಟೇನಾ?" ಅಂದಳು ಒಬ್ಬಳು. "ನಂದೂ ಅದೇ ಕಥೆ."

"ನಂದೂವೆ," ಅಂದಳು ಇನ್ನೊಬ್ಬಳು. "ಮೂರು ಹೆತ್ತ ಮೇಲೆ ಕೆಮ್ಮಿದ್ರೂ ಹೆದ್ರಿಕೆ."

ಮೊದಲನೆಯವಳು ಮುಂದುವರಿಸಿದಳು. ತಾನು ಬಸ್ಸು ಹತ್ತುವಾಗಲೇ ಕಂಡಕ್ಟರಿಗೆ ಹೇಳಿಬಿಡುತ್ತಾಳಂತೆ, ಮಧ್ಯೆ ನಿಲ್ಲಿಸಬೇಕಾಗುತ್ತೆ ಕಣಪ್ಪ ಅಂತ. ಒಬ್ಬ ಕಂಡಕ್ಟರ್ ಮುಖ ಸಿಂಡರಿಸಿದ್ದಕ್ಕೆ, ನಿಲ್ಸಲಿಲ್ಲ ಅಂದ್ರೆ ಸೀಟು ನೀನೇ ತೊಳೀಬೇಕು ಅಂದಳಂತೆ! ಒಳಗೆಲ್ಲ ನಗು. ಆ ನಗುವಿನಲ್ಲಿ ಒಂದು ಅಕ್ಕನದು. ಭಾವ ನನ್ನ ತೋಳು ಹಿಡಿದರು. "ಕೇಳಿಸ್ತಾ?" ಅಂದರು, ಪಿಸುಮಾತಿನಲ್ಲಿ. ಪೈಪಿನಿಂದ ಬಿಸಿನೀರು ಅವರ ಅಂಗಿಯ ತೋಳಿಗೆ ಸುರಿಯುತ್ತಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಅವತ್ತೂ ಸಾಗರ ಮುಟ್ಟಲಿಲ್ಲ ಅನ್ನಿ. ಹೆಂಗಸರು ಅಕ್ಕನಿಗೆ ಒಂದು ಕುಂಬಳಕಾಯಿ ಕೊಟ್ಟು ಕಳಿಸಿದರು. ಹೊತ್ತಾಗಿತ್ತು, ಮನೆ ಕಡೆ ತಿರುಗಿದೆವು.

ಮಗಳ ಸೀಮಂತ ಬಂತು. ಅಮ್ಮ ಬಂದು ಮಡಿಲು ತುಂಬದೆ ಇದ್ದರೆ ತಾನು ಮಣೆಯ ಮೇಲೆ ಕೂರುವುದೇ ಇಲ್ಲ ಎಂದು ಅವಳು ಫೋನಿನಲ್ಲಿ ಅತ್ತಳು. ಭಾವ ಅಷ್ಟೂ ದಿನ ವ್ಯಾನಿನ ಅಡಿಯಲ್ಲೇ ಇದ್ದರು. ಊಟಕ್ಕೆ ಕರೆದರೆ ಮೊದಲು ಕಾಲುಗಳು ಹೊರಗೆ ಬರುತ್ತಿದ್ದವು. ಬೆಲ್ಟು, ಪೈಪು, ಬ್ಯಾಟರಿ, ಪ್ಲಗ್ಗು, ಬದಲಾಯಿಸಬಹುದಾದದ್ದನ್ನೆಲ್ಲ ಬದಲಾಯಿಸಿದರು. ನನ್ನ ಸೀಟೊಂದನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಇರಲಿಲ್ಲ.

ಬೆಳಕು ಹರಿಯುವಾಗಲೇ ಹೊರಟೆವು. ಅಕ್ಕ ರೇಷ್ಮೆ ಸೀರೆಯುಟ್ಟು, ಮಗಳಿಗೆ ತೊಡಿಸುವ ಹಸಿರು ಬಳೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಆಯನೂರು ದಾಟಿತು. ಕುಂಸಿ ದಾಟಿತು, ಕ್ಯಾಂಪಿನ ಹಳ್ಳಿಯೂ ದಾಟಿತು! ಭಾವ ಸ್ಟೇರಿಂಗಿಗೆ ಕೈಮುಗಿದರು. ವ್ಯಾನು ಇದುವರೆಗೆ ನೋಡದ ರಸ್ತೆ ಕಾಣತೊಡಗಿತು. ಆನಂದಪುರಕ್ಕೆ ಇನ್ನು ಸ್ವಲ್ಪವೇ ದೂರ ಅನ್ನುವಾಗ ವ್ಯಾನು ಒಮ್ಮೆ ಜಗ್ಗಿತು, ಎರಡು ಸಲ ಕೆಮ್ಮಿತು, ಪಕ್ಕಕ್ಕೆ ಸರಿದು ನಿಂತಿತು.

ಭಾವ ಬಾನೆಟ್ ಎತ್ತಿದರು. ಅಲ್ಲಿ ಹಿಡಿದರು, ಇಲ್ಲಿ ಅಲ್ಲಾಡಿಸಿದರು, ಕೀಲಿ ತಿರುಗಿಸಿದರು. ನಾನು ಆನಂದಪುರದ ಮೆಕ್ಯಾನಿಕ್ ಒಬ್ಬನನ್ನು ಫೋನಿನಲ್ಲಿ ಹಿಡಿದೆ. ಬರ್ತೀನಿ ಅಂದ, ಯಾವಾಗ ಅನ್ನಲಿಲ್ಲ. ಬಾಗಿಲಿಗೆ ಬೋರ್ಡು ಹಾಕುವ ಯೋಚನೆ ಭಾವನಿಗೆ ಬರಲಿಲ್ಲ. ಟೀಗೂ ಇಡಲಿಲ್ಲ. ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಕೆಟ್ಟೋಯ್ತು ಮಾರಾಯ," ಅಂದರು.

ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಕ್ಕನೂ ಕೇಳಿಸಿಕೊಂಡಳು. ಸುಮ್ಮನೆ ಎದ್ದು ಹಿಂದಿನ ಪರದೆಯೊಳಗೆ ಹೋಗಿ ಬಂದಳು. ಬಳೆಯ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಕೆಳಗಿಳಿದಳು. ಶಿವಮೊಗ್ಗದ ಕಡೆಯಿಂದ ಸಾಗರದ ಬಸ್ಸೊಂದು ಬರುತ್ತಿತ್ತು. ರಸ್ತೆಯ ಅಂಚಿಗೆ ಹೋಗಿ ಕೈ ಅಡ್ಡ ಹಿಡಿದಳು.

"ಏನ್ ಮಾಡ್ತಿದೀಯಾ?" ಅಂದರು ಭಾವ.

"ಮಗಳು ಕಾಯ್ತಿದಾಳಲ್ರೀ."

ಬಸ್ಸು ನಿಂತಿತು. ನಾನೂ ಜೊತೆಗೆ ಹತ್ತಲು ಹೋದರೆ, ನೀನು ಭಾವನ ಹತ್ರ ಇರು ಅಂದಳು. ಭಾವ ಬಾಗಿಲಿಗೆ ಓಡಿದರು. ಗ್ರೀಸು ಮೆತ್ತಿದ ಕೈಯನ್ನು ಕಂಬಿಗೆ ತಾಗಿಸದ ಹಾಗೆ ಹಿಂದಕ್ಕೆ ಹಿಡಿದು, ಕಂಡಕ್ಟರಿನ ಕಿವಿಯ ಹತ್ತಿರ ಬಾಗಿ, "ಸ್ವಲ್ಪ, ಮಧ್ಯೆ ಎಲ್ಲಾದ್ರೂ..." ಎಂದು ತಡವರಿಸಿದರು. ಇಡೀ ಜಿಲ್ಲೆಯ ರಸ್ತೆ ಬದಿಯಲ್ಲಿ ಕೂತು ಕಂಡಕಂಡವರ ಹತ್ತಿರ ಮಾತಾಡಿದ ಮನುಷ್ಯನಿಗೆ ಅಷ್ಟು ಹೇಳಲು ಆಗಲಿಲ್ಲ.

"ನೀವು ಬಿಡಿ, ನಾನೇ ಹೇಳ್ತೀನಿ," ಅಂದಳು ಅಕ್ಕ. ಮೆಟ್ಟಿಲ ಮೇಲೆ ನಿಂತು, ಮುಂದಿನ ಸೀಟಿನವರಿಗೆಲ್ಲ ಕೇಳುವ ಹಾಗೆ, "ನೋಡಪ್ಪ, ನಂಗೆ ತಡ್ಕೊಳ್ಳೋಕಾಗಲ್ಲ. ಮಧ್ಯೆ ನಿಲ್ಸು ಅಂದ್ರೆ ನಿಲ್ಲಿಸ್ಬೇಕು," ಅಂದಳು.

"ನಿಲ್ಲಿಸ್ತೀನಿ ಬನ್ನಿ ಅಮ್ಮ, ಮುಂದೆ ಕೂತ್ಕೊಳ್ಳಿ," ಎಂದು ಕಂಡಕ್ಟರ್ ಸೀಟಿ ಊದಿದ.

ಬಸ್ಸು ಹೋಯಿತು. ಕಿಟಕಿಯಲ್ಲಿ ಅಕ್ಕನ ರೇಷ್ಮೆಯ ಸೆರಗು ಸ್ವಲ್ಪ ದೂರದವರೆಗೆ ಕಾಣುತ್ತಿತ್ತು.

ಮೆಕ್ಯಾನಿಕ್ ಬೈಕಿನಲ್ಲಿ ಬಂದಾಗ ಭಾವ ಮೈಲಿಗಲ್ಲಿನ ಮೇಲೆ ಕೂತಿದ್ದರು. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಅವನು ಗಾಬರಿಯಾಗಿ ಏನಾಯ್ತು ಸಾರ್ ಎಂದು ಕೇಳಿದ. ಭಾವ ರಸ್ತೆಯ ಕಡೆ ಕೈ ತೋರಿಸಿ, "ನನ್ ಹೆಂಡ್ತಿ ಬಸ್ ಹತ್ಕೊಂಡು ಹೋಗ್ಬಿಟ್ಲು," ಅಂದರು.

ಮೆಕ್ಯಾನಿಕ್ ನಿಂತ ವ್ಯಾನನ್ನು ನೋಡಿದ, ಭಾವನನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಗಿಹೋಯಿತು. ಟೂಲ್ಸ್ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಬೇಜಾರ್ ಮಾಡ್ಕೋಬೇಡಿ ಸಾರ್. ನಮ್ಮನೇಲೂ ಇದೇ. ಸಿಟ್ಟು ಇಳಿದ್ಮೇಲೆ ಅವ್ರೇ ವಾಪಸ್ ಬರ್ತಾರೆ."

ಭಾವ ಕಣ್ಣು ಒರೆಸಿಕೊಳ್ಳಲಿಲ್ಲ. ಬಸ್ಸು ಹೋದ ತಿರುವನ್ನೇ ನೋಡುತ್ತ, "ಬರೋದಕ್ಕೇನು ಅವಸರ ಮಾರಾಯ," ಅಂದರು. "ಹೋಗ್ತಾ ಇರ್ಲಿ."